ಪಟ್ಟಿಯಲ್ಲಿಲ್ಲದ ಕಾರಣ

ಬೀಗದಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಪೂರ್ತಿ ಸುಳ್ಳಲ್ಲ. ಆದರೆ ಅವಳು ಕಾರಣವಿಲ್ಲದೆ ಯಾರ ಮೇಲೂ ಹರಿಹಾಯ್ದವಳಲ್ಲ ಎಂಬುದನ್ನೂ ಅದೇ ಬೀದಿಯವರು ಹೇಳಬೇಕು. ಹೇಳುವುದಿಲ್ಲ, ಯಾಕೆಂದರೆ ಜನಕ್ಕೆ ಕತೆಯ ಅರ್ಧ ಭಾಗವೇ ಹೆಚ್ಚು ರುಚಿ. ಇನ್ನರ್ಧವನ್ನು ನಾನು ಹೇಳುತ್ತೇನೆ.

ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ, ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಅವಳ ಬೀಗದ ಅಂಗಡಿ. ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕು, ಅಷ್ಟು ಜಾಗ. ಗೋಡೆಯ ತುಂಬ ಇನ್ನೂ ಹಲ್ಲು ಕೊರೆಯದ ಕೀಗಳು, ಮುಂದೆ ಕೀ ಕಚ್ಚಿಸಿಡುವ ಒಂದು ಹಿಡಿಕಟ್ಟು, ಪಕ್ಕದಲ್ಲಿ ಹಲ್ಲು ಉಜ್ಜುವ ಸಣ್ಣ ದೊಡ್ಡ ಅರಗಳು. ಅಂಗಡಿ ಹಾಕಿದವನು ಗಂಡ. ಅವನ ಪಕ್ಕದಲ್ಲಿ ನಿಂತು ನಿಂತೇ ಅವಳು ಕೆಲಸ ಕಲಿತಳು. ಅವನು ಹೋದ ಮೇಲೆ ಕೂರುವ ಜಾಗ ಅವಳದಾಯಿತು, ಅದೇನೂ ಅವಳು ಕೇಳಿ ಪಡೆದ ಬಡ್ತಿಯಲ್ಲ.

ಈ ಕಸುಬಿನಲ್ಲಿ ಕೈಚಳಕ ಎರಡನೆಯದು, ನಂಬಿಕೆ ಮೊದಲನೆಯದು. ಸುತ್ತಲಿನ ಅರ್ಧ ಮನೆಗಳ ಕೀ ಆ ಗಂಡಹೆಂಡಿರ ಕೈಯಲ್ಲಿ ಒಂದಲ್ಲ ಒಂದು ದಿನ ಓಡಾಡಿತ್ತು. ಯಾವ ಮನೆಯಿಂದಲೂ ಒಂದು ಚಮಚ ಹೋಯಿತೆಂದು ಯಾರೂ ಅವರತ್ತ ಬೆರಳು ತೋರಿಸಿರಲಿಲ್ಲ. ಹಾಗಾಗಿಯೇ ಕಾಲೇಜಿನ ಹಾಸ್ಟೆಲಿನವರು ಎಲ್ಲ ಕೋಣೆಗಳ ಬೀಗ ಬದಲಿಸುವ ಕೆಲಸವನ್ನು ಅವಳಿಗೇ ಕೊಡುತ್ತೇವೆ ಎಂದರು. ಅಷ್ಟು ದೊಡ್ಡ ಕೆಲಸ ಆ ಅಂಗಡಿ ಕಂಡೇ ಇರಲಿಲ್ಲ. ವಾರ್ಡನ್ ಒಂದೇ ಮಾತು ಹೇಳಿದ್ದರು: "ಕೈಗೆ ದುಡ್ಡು ಕೊಡೋ ಹಾಗಿಲ್ಲಮ್ಮ. ಬ್ಯಾಂಕ್ ಖಾತೆ ಬೇಕು. ಶುಕ್ರವಾರದೊಳಗೆ ನಂಬರ್ ತಂದುಕೊಡಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ."

ಖಾತೆ ತಾನೇ, ಅದೇನು ಮಹಾ ಎಂದುಕೊಂಡು ಬೀಗದಮ್ಮ ಮಗಳನ್ನು ಕರೆದುಕೊಂಡು ಮುಖ್ಯರಸ್ತೆಯ ಬ್ಯಾಂಕಿಗೆ ಹೋದಳು. ಮಗಳು ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುವವಳು. ಮಾತು ಮೆತ್ತಗೆ, ತಲೆ ತಣ್ಣಗೆ. ಅಪ್ಪನನ್ನೇ ಹೋಲುವವಳು.

ಅಲ್ಲಿ ಹೊಸ ಖಾತೆಯ ಮೇಜಿನ ಹಿಂದೆ ಕನ್ನಡಕದ ಹುಡುಗಿಯೊಬ್ಬಳು ಕೂತಿದ್ದಳು. ನಗುನಗುತ್ತಲೇ ಕಾಗದಗಳನ್ನು ತೆಗೆದುಕೊಂಡಳು, ನಗುನಗುತ್ತಲೇ ಕಂಪ್ಯೂಟರಿಗೆ ಹೆಸರು ಹಾಕಿದಳು. ಆಮೇಲೆ ನಗು ನಿಂತಿತು.

"ಅಮ್ಮಾ, ಮೊದಲು ಬೇರೆ ಬ್ಯಾಂಕಲ್ಲಿ ಖಾತೆ ಇತ್ತಾ?"

"ಇತ್ತು. ತೀರಿಹೋದ ನಮ್ಮ ಯಜಮಾನ್ರದ್ದು ನಂದು ಸೇರಿ. ಕೆರೆ ರಸ್ತೆ ಬ್ಯಾಂಕಲ್ಲಿ. ಮುಚ್ಚಿ ಆಗ್ಲೇ ವರ್ಷಗಳಾದ್ವು."

ಹುಡುಗಿ ದನಿ ತಗ್ಗಿಸಿದಳು. ಯಾರೇ ಹೊಸ ಖಾತೆ ಕೇಳಿದರೂ ಅವರ ಹಳೆಯ ಖಾತೆಗಳ ನಡವಳಿಕೆ ಹೇಗಿತ್ತೆಂದು ಬ್ಯಾಂಕಿನವರು ನೋಡುತ್ತಾರಂತೆ. ಅದನ್ನೆಲ್ಲ ಕೂಡಿಟ್ಟು ಬ್ಯಾಂಕುಗಳಿಗೆ ಒದಗಿಸುವುದಕ್ಕೇ ಒಂದು ಸಂಸ್ಥೆ ಇದೆಯಂತೆ. ಒಂದು ಬ್ಯಾಂಕು ಹಾಕಿದ ಷರಾ ಎಲ್ಲ ಬ್ಯಾಂಕಿಗೂ ಕಾಣುತ್ತದಂತೆ. ಬೀಗದಮ್ಮನ ಹೆಸರಿನ ಮುಂದೆ, ಅವಳ ಗಂಡನ ಹೆಸರಿನ ಮುಂದೆ ಹೀಗೆ ಬರೆದಿತ್ತು: ಬ್ಯಾಂಕೇ ಖಾತೆ ಮುಚ್ಚಿದೆ, ಕಾರಣ, ವಂಚನೆಯ ಅನುಮಾನ.

"ಏನಂದ್ರಿ?" ಎಂದಳು ಬೀಗದಮ್ಮ.

ಹುಡುಗಿ ಮತ್ತೊಮ್ಮೆ ಓದಿದಳು. ಓದಬಾರದಿತ್ತು ಎಂದು ಅವಳಿಗೂ ಅನ್ನಿಸಿರಬೇಕು, ಏಕೆಂದರೆ ಎರಡನೆಯ ಸಲ ಬೀಗದಮ್ಮನ ಮುಖ ನೋಡದೆ ಓದಿದಳು.

"ಬ್ಯಾಂಕ್ ಮುಚ್ಚಿದ್ದಲ್ಲ ತಾಯಿ. ನಾನು ಮುಚ್ಚಿದ್ದು. ನಾನೇ ಸೈನ್ ಮಾಡಿ, ಇದ್ದಬದ್ದಿದ್ದೆಲ್ಲ ತಗೊಂಡು, ಥೂ ಅಂತ ಬಂದೆ. ವಂಚನೆನಾ? ಯಾರು, ಯಾರಿಗೆ?"

ಸುತ್ತಲಿನವರು ತಿರುಗಿ ನೋಡಿದರು. ಮಗಳು ಅಮ್ಮನ ತೋಳು ಹಿಡಿದಳು. ಕನ್ನಡಕದ ಹುಡುಗಿ ಕೆಟ್ಟವಳಲ್ಲ. ಆಚೀಚೆ ನೋಡಿ, ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದು ಮುಂದಿಟ್ಟಳು. "ಇದಕ್ಕೊಂದು ದಾರಿ ಇದೆ ಅಮ್ಮಾ. ಹಳೇ ಖಾತೆ ನೋಡ್ಕೋತಿದ್ದಿದ್ದು ಗಂಡ, ಅದರ ವ್ಯವಹಾರ ನನಗೇನೂ ಗೊತ್ತಿರಲಿಲ್ಲ ಅಂತ ಬರ್ಕೊಟ್ರೆ ಸಾಕು. ಅವರು ಈಗ ಇಲ್ಲ ಅಂತೀರಲ್ಲ. ಇವತ್ತೇ ಖಾತೆ ತೆರೆದುಕೊಡ್ತೀನಿ."

ಬೀಗದಮ್ಮ ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು. ಅಚ್ಚುಕಟ್ಟಾಗಿ ಮುದ್ರಿಸಿದ ಹಾಳೆ. ಗಂಡಂದಿರ ಮೇಲೆ ಗೂಬೆ ಕೂರಿಸಲು ಬಂದ ಹೆಂಗಸರು ಬಹಳ ಜನ ಇರಬೇಕು. ಸಹಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿದ್ಧವಾಗಿತ್ತು. ಅವಳು ಅದನ್ನು ಹುಡುಗಿಯ ಕಡೆಗೆ ತಳ್ಳಿ ಎದ್ದಳು.

ಹೊರಗೆ ಮೆಟ್ಟಿಲ ಮೇಲೆ ಮಗಳು ಬೇಡಿಕೊಂಡಳು. "ಸೈನ್ ಮಾಡ್ಬಿಡಮ್ಮಾ. ಅಪ್ಪ ಏನೂ ಅಂದ್ಕೊಳ್ಳಲ್ಲ. ಅಪ್ಪನೇ ಇದ್ದಿದ್ರೂ ಮಾಡು ಅಂತಿದ್ರು."

"ಅಂತಿದ್ರು. ಅದಕ್ಕೇ ಮಾಡಲ್ಲ."

"ಇದೊಳ್ಳೆ ಕತೆ. ಹಾಸ್ಟೆಲ್ ಕೆಲಸ ಹೋಗುತ್ತಲ್ಲ? ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕ್ಕೊಳ್ಳೋದಾ?"

"ನಿಮ್ಮಪ್ಪ ಕಳ್ಳ ಅಂತ ನಾನೇ ಬರ್ಕೊಟ್ಟು, ಆಮೇಲೆ ಆ ಮಕ್ಕಳ ಕೋಣೆಗೆ ಬೀಗ ಹಾಕೋಕೆ ಹೋಗ್ಲಾ? ಯಾವ ಮುಖ ಇಟ್ಕೊಂಡು?"

"ಕಳ್ಳ ಅಂತ ಎಲ್ಲಮ್ಮ ಬರೆದಿದೆ? ಗೊತ್ತಿಲ್ಲ ಅಂತ ತಾನೇ ಬರೆಯೋದು?"

"ಗಂಡನ ಬಗ್ಗೆ ಗೊತ್ತಿಲ್ಲ ಅಂದ್ರೆ ಇನ್ನೇನರ್ಥ?" ಎಂದಳು ಬೀಗದಮ್ಮ. ಕೆರೆ ರಸ್ತೆಯ ಕಡೆಗೆ ಆಗಲೇ ಹೆಜ್ಜೆ ಹಾಕಿದ್ದಳು. ಮಗಳು ಹಿಂದೆ ಓಡಿದಳು.

ಆ ಬ್ಯಾಂಕು ಬಣ್ಣ ಬದಲಿಸಿತ್ತು, ಕುರ್ಚಿ ಬದಲಿಸಿತ್ತು. ಮನುಷ್ಯ ಮಾತ್ರ ಹಳಬನೇ. ಖಾತೆ ಮುಚ್ಚಿದ ದಿನ ಕೌಂಟರಿನಲ್ಲಿದ್ದವನು ಈಗ ಮ್ಯಾನೇಜರ್. ತಲೆಯ ಕೂದಲು ಹೋಗಿ ಗಾಜಿನ ಕೋಣೆ ಬಂದಿತ್ತು. ಬೀಗದಮ್ಮನನ್ನು ಕಂಡ ಕೂಡಲೇ ಅವನಿಗೆ ಗುರುತು ಸಿಕ್ಕಿತು. ಕೆಲವು ಮುಖಗಳನ್ನು ಮರೆಯಲು ಎಷ್ಟು ಹೆಣಗಿದರೂ ಆಗುವುದಿಲ್ಲ.

"ಬನ್ನಿ, ಒಳಗೆ ಕೂತು ಮಾತಾಡೋಣ," ಎಂದ.

"ಬೇಡ ಸ್ವಾಮಿ. ಅವತ್ತು ನೀವು ಮಾತಾಡಿದ್ದು ಹೊರಗೆ, ಎಲ್ಲರ ಎದುರಿಗೆ. ಇವತ್ತೂ ಇಲ್ಲೇ ಆಗ್ಲಿ."

ಅಂದು ಆದದ್ದು ಇಷ್ಟು. ಗಂಡನಿಗೆ ಬಲಗೈಗೆ ಲಕ್ವ ಹೊಡೆದು ಸ್ವಲ್ಪ ಸುಧಾರಿಸಿತ್ತು. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲಿ ಮುಟ್ಟಿ ಹೇಳುತ್ತಿದ್ದ ಕೈ ಈಗ ನೀರಿನ ಲೋಟ ಹಿಡಿದರೂ ಅಲುಗುತ್ತಿತ್ತು. ಔಷಧಿಗೆಂದು ತನ್ನದೇ ಹಣ ತೆಗೆಯಲು ಬಂದಿದ್ದ. ತಾನೇ ಸಹಿ ಹಾಕುತ್ತೇನೆ ಎಂದು ಹಠ ಹಿಡಿದಿದ್ದ, ಆ ಹಠ ಕಂಡು ಹೆಂಡತಿಗೆ ಖುಷಿಯೇ ಆಗಿತ್ತು. ಸಹಿ ಹೋಲಲಿಲ್ಲ. ಇನ್ನೊಮ್ಮೆ ಹಾಕಿ ಎಂದ ಕೌಂಟರಿನವನು. ಹಾಕಿದ. ಇನ್ನೊಮ್ಮೆ. ಮತ್ತೊಮ್ಮೆ. ಹಿಂದೆ ನಿಂತವರು ಗೊಣಗತೊಡಗಿದರು. ಕೌಂಟರಿನವನು ಕಾಗದ ಎತ್ತಿ ಹಿಡಿದು, ಸಾಲಿನ ಕೊನೆಯವರಿಗೂ ಕೇಳುವಂತೆ, "ನಿಜ ಹೇಳಿ, ಇದು ನೀವೇನಾ? ಇಲ್ಲಾ ಬೇರೆಯವರ ಖಾತೆನಾ?" ಎಂದ. ಯಾರೋ ಕಿಸಕ್ಕನೆ ನಕ್ಕರು. ಗಂಡ ಪೆನ್ನನ್ನು ಮೆಲ್ಲಗೆ ಕೆಳಗಿಟ್ಟು, ಆ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ. ಬೀಗದಮ್ಮನ ಸಹಿಯೂ ನಡೆಯುವ ಖಾತೆ ಅದು. ಪೂರ್ತಿ ಹಣ ತೆಗೆದು, ಖಾತೆ ಮುಚ್ಚಿ, ಕೌಂಟರಿನವನಿಗೆ ಅನ್ನಬೇಕಾದ್ದೆಲ್ಲ ಅಂದು ಹೊರಬಂದಿದ್ದಳು. ಗಂಡ ಆಮೇಲೆ ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ. ಮುಂದಿನ ವರ್ಷ ತೀರಿಕೊಂಡ.

"ನಾನು ಮುಚ್ಚಿದ್ದನ್ನ ನೀವು ಮುಚ್ಚಿದ್ದು ಅಂತ ಯಾಕೆ ಬರೆದ್ರಿ? ವಂಚನೆ ಅಂತ ಯಾಕೆ ಬರೆದ್ರಿ?"

ಮ್ಯಾನೇಜರ್ ಕರವಸ್ತ್ರದಿಂದ ತಲೆ ಒರೆಸಿಕೊಂಡ. "ನಾನಾಗಿ ಬರೆದಿದ್ದಲ್ಲಮ್ಮ. ಸಹಿ ಅಷ್ಟು ಸಲ ತಪ್ಪಿದ ಮೇಲೆ ಖಾತೆ ಮುಚ್ಚಿದ್ರೆ ಕಂಪ್ಯೂಟರ್ ಕಾರಣ ಕೇಳುತ್ತೆ. ಒಂದು ಪಟ್ಟಿ ಕೊಡುತ್ತೆ, ಅದರಲ್ಲಿ ಒಂದನ್ನ ಆರಿಸ್ಬೇಕು. ಕೈ ನಡುಗುತ್ತೆ ಅಂತ ಆ ಪಟ್ಟಿಲಿ ಇರಲಿಲ್ಲ."

"ನಿಮಗೆ ಗೊತ್ತಿತ್ತಾ, ಕೈ ನಡುಗುತ್ತೆ ಅಂತ?"

ಅವನು ಕರವಸ್ತ್ರವನ್ನು ಮಡಿಸಿ ಜೇಬಿಗೆ ಹಾಕಿದ. ಸಾಲಿನಲ್ಲಿದ್ದವರು ಇತ್ತ ತಿರುಗಿದರು. ಅವರಲ್ಲಿ ಬೀಗದಮ್ಮನಿಂದ ಕೀ ಮಾಡಿಸಿಕೊಂಡವರಿದ್ದರು, ತಮ್ಮ ಸರದಿ ಬಂದರೂ ಕೌಂಟರಿಗೆ ಹೋಗದೆ ನಿಂತಿದ್ದರು.

"ನೋಡಿ, ಹಳೇ ಮಾತು," ಎಂದ ಮ್ಯಾನೇಜರ್, ದನಿಗೆ ಬೆಣ್ಣೆ ಹಚ್ಚಿ. "ಇಂಥ ಷರಾಗಳಿಗೆ ಒಂದು ಅವಧಿ ಇರುತ್ತೆ. ನಿಮ್ಮದು ಇನ್ನೇನು ಮುಗಿಯುತ್ತೆ. ಕೆಲವು ತಿಂಗಳು ಸುಮ್ನಿದ್ರೆ ತಾನಾಗೇ ಅಳಿಸಿಹೋಗುತ್ತೆ. ಯಾರಿಗೂ ತೊಂದ್ರೆ ಇಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ಬೀಗದಮ್ಮನಿಗೆ ಮೈ ಉರಿಯಿತು.

"ತಾನಾಗೇ ಹೋಗೋದು ಬೇಡ ಸ್ವಾಮಿ. ಬರೆದ ಕೈಯೇ ತೆಗೀಬೇಕು. ತಪ್ಪಾಗಿ ಬರೆದಿದ್ವಿ, ಅವರು ವಂಚನೆ ಮಾಡಿಲ್ಲ, ಖಾತೆ ಮುಚ್ಚಿದ್ದು ಅವರ ಹೆಂಡತಿ, ಅಂತ ಕಾಗದ ಕೊಡಿ. ಆ ಸಂಸ್ಥೆಗೊಂದು, ನನ್ನ ಕೈಗೊಂದು. ಕೊಡೋ ತನಕ ನಾನಿಲ್ಲಿಂದ ಜಪ್ಪಯ್ಯ ಅಂದ್ರೂ ಕದಲಲ್ಲ. ಬರೋರಿಗೆಲ್ಲ ಯಾಕೆ ಕೂತಿದೀನಿ ಅಂತ ಹೇಳ್ತೀನಿ, ನನಗೇನೂ ಬೇಜಾರಿಲ್ಲ."

ಹೇಳಿದಂತೆಯೇ ಕೂತಳು. ಹೇಳಿದಂತೆಯೇ ಹೇಳತೊಡಗಿದಳು. ಮೊದಲು ಕೇಳಿದವರು ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು. ಕೇಳಿ ಮುಗಿಸಿ, ತಮ್ಮ ಕೈಯನ್ನು ಚಾಚಿ ತೋರಿಸಿದರು. ಅದೂ ಸಣ್ಣಗೆ ಅಲುಗುತ್ತಿತ್ತು. "ಹಂಗಾದ್ರೆ ನಾನೂ ಕಳ್ಳಿನೇ ಅನ್ನು," ಎಂದು ಮ್ಯಾನೇಜರನ ಕಡೆ ನೋಡಿ ಅವಳ ಪಕ್ಕದಲ್ಲೇ ಕೂತುಬಿಟ್ಟರು. ಆಮೇಲೆ ಇನ್ನಿಬ್ಬರು. ಅಷ್ಟು ಹೊತ್ತು ಸೆರಗಿನಂಚು ತಿರುಚುತ್ತ ನಿಂತಿದ್ದ ಮಗಳು ಬಂದು ಅಮ್ಮನ ಮುಂದೆ ನೆಲದ ಮೇಲೆ ಕೂತು, "ನಮ್ಮಪ್ಪನ ವಿಷಯ ಅದು," ಎಂದು ಹೊಸದಾಗಿ ಒಳಬಂದವರಿಗೆ ತಾನೇ ಹೇಳಿದಳು. ಅವಳ ಮೆತ್ತನೆಯ ದನಿ ಇಡೀ ಹಾಲಿಗೆ ಕೇಳಿಸಿತು.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಮ್ಯಾನೇಜರ್ ಕಾಗದ ಬರೆಸಿದ. ಅವಳು ಹೇಳಿದ ಮೂರು ಮಾತೂ ಅದರಲ್ಲಿದ್ದವು. ಆ ಸಂಸ್ಥೆಗೆ ಅವಳ ಎದುರಿಗೇ ಕಳಿಸಿದ. ಕಾಗದದ ಪ್ರತಿ ಅವಳ ಕೈ ಸೇರಿದ್ದಕ್ಕೆ ಒಂದು ಸಹಿ ಬೇಕೆಂದು ಪೆನ್ನು ಕೊಟ್ಟ. ದಿನವಿಡೀ ನುಂಗಿದ್ದ ಸಿಟ್ಟೋ, ಅಳುವೋ, ಬೀಗದಮ್ಮನ ಕೈ ಒಂದೇ ಸಮನೆ ನಡುಗಿತು. ಸಹಿ ಎತ್ತಲೋ ಹೋಯಿತು. ಅವನು ಬೇಗಬೇಗ ಹಾಳೆ ಎತ್ತಿಕೊಳ್ಳಹೋದ.

"ಇರಿ," ಎಂದಳು. "ಹಳೇ ಸಹಿ ನಿಮ್ಮ ಹತ್ರ ಇರುತ್ತಲ್ಲ? ಹೋಲುತ್ತಾ ನೋಡಿ."

"ಅದೇನೂ ಬೇಡಮ್ಮ."

"ನೋಡಿ."

ಅವನು ನೋಡಿದ. ಎರಡನ್ನೂ ನೋಡಿ, ಕೊನೆಗೆ ಅವಳನ್ನು ನೋಡಿದ.

"ಹೋಲಲ್ಲ," ಎಂದ. "ಆದ್ರೆ ನಿಮ್ಮದೇ."

"ಇಷ್ಟೇ ಸ್ವಾಮಿ. ಅವತ್ತು ಇಷ್ಟೇ ಮಾತು ಸಾಕಿತ್ತು."

ಮಾತು ಮುಗಿಸುವಷ್ಟರಲ್ಲಿ ಅವಳಿಗೆ ಕಣ್ಣು ತುಂಬಿತ್ತು. ಒರೆಸಿಕೊಳ್ಳಲಿಲ್ಲ, ನೋಡುವವರು ನೋಡಲಿ ಎಂದು ಹಾಗೇ ಹೊರಬಂದಳು.

ಮರುದಿನ ಶುಕ್ರವಾರ. ಮುಖ್ಯರಸ್ತೆಯ ಬ್ಯಾಂಕಿನಲ್ಲಿ ಕನ್ನಡಕದ ಹುಡುಗಿ ಕಾಗದವನ್ನು ಓದಿ, ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, "ಆಗುತ್ತೆ ಅಮ್ಮಾ," ಎಂದಳು. ಈ ಸಲದ ನಗು ಬೇರೆ ಇತ್ತು. ಅರ್ಜಿಯನ್ನು ತಾನೇ ತುಂಬತೊಡಗಿದಳು. ಹೆಸರು, ವಿಳಾಸ, ಕಸುಬು ಎಲ್ಲ ಆಯಿತು.

"ಹಿಂದಿನ ಖಾತೆ ಮುಚ್ಚಲು ಕಾರಣ ಅಂತ ಇಲ್ಲಿ ಕೇಳಿದಾರೆ. ಸ್ವಂತ ಕಾರಣ ಅಂತ ಹಾಕ್ಲಾ? ಎಲ್ಲರೂ ಹಾಗೇ ಹಾಕೋದು."

"ಬೇಡ ತಾಯಿ. ನಮ್ಮ ಯಜಮಾನ್ರಿಗೆ ಕೈ ನಡುಗ್ತಿತ್ತು, ಬ್ಯಾಂಕಿನವರು ನಾಲ್ಕು ಜನರ ಮುಂದೆ ಅವಮಾನ ಮಾಡಿದ್ರು, ಅದಕ್ಕೆ ಹೆಂಡತಿ ಖಾತೆ ಮುಚ್ಚಿ ಬಂದ್ಲು. ಹಾಗೇ ಬರೀರಿ."

ಹುಡುಗಿ ಮಗಳ ಮುಖ ನೋಡಿದಳು. ಮಗಳು ತುಟಿ ಬಿಗಿಹಿಡಿದು ಕೂತಿದ್ದಳು, ಅಮ್ಮನ ತೋಳು ಹಿಡಿಯಲಿಲ್ಲ.

"ಅಮ್ಮಾ, ಇಲ್ಲಿ ಅಷ್ಟು ಜಾಗ ಇಲ್ಲ," ಎಂದಳು ಹುಡುಗಿ.

"ಹಾಳೆ ತಿರುಗಿಸಿ," ಎಂದಳು ಬೀಗದಮ್ಮ. "ಹಿಂದೆ ಬರೀರಿ."