ಇಂಗಮ್ಮನ ಹಾಳೆ

ಹೊಲಿಗೆ ಇಲ್ಲದ್ದನ್ನು ನಾನು ಪುಸ್ತಕ ಅಂತ ಒಪ್ಪುವವನೇ ಅಲ್ಲ. ಹೊಸಪೇಟೆಯಲ್ಲಿ ನಮ್ಮಪ್ಪನ ಕಾಲದಿಂದ ನಮ್ಮದು ಬೈಂಡಿಂಗ್ ಅಂಗಡಿ. ಡ್ಯಾಂ ಆಫೀಸಿನ ರಿಜಿಸ್ಟರು, ಕಾಲುವೆ ನೀರಿನ ಸರದಿ ಬರೆಯುವ ಪುಸ್ತಕ, ಸಾಲಿಯ ಹಾಜರಿ, ಎಲ್ಲ ಹೊಲಿದು ಹೊಲಿದು ನನ್ನ ಹೆಬ್ಬೆರಳು ಚಪ್ಪಲಿಯ ಅಟ್ಟೆಯಂತಾಗಿದೆ. ಈ ಚನ್ನಯ್ಯನ ಬುದ್ಧಿಯೂ ಅಷ್ಟೇ ದಪ್ಪ ಎಂದು ನನ್ನ ಹೆಂಡತಿ ಎರ್ರಮ್ಮ ಬಂದವರ ಮುಂದೆಲ್ಲ ಹೇಳುತ್ತಾಳೆ. ಮೊದಲು ಸಿಟ್ಟು ಬರುತ್ತಿತ್ತು. ಎಂಬತ್ತಾರನೇ ಇಸವಿಯಿಂದ ಈಚೆಗೆ ಸುಮ್ಮನಿರುತ್ತೇನೆ.

ಆ ವರ್ಷ ನವೆಂಬರಿನಲ್ಲಿ ಹುಲುಗಮ್ಮ ಅಂಗಡಿಗೆ ಬಂದಳು. ಬುಕ್ಕಸಾಗರದವಳು, ನಲವತ್ತರ ಆಸುಪಾಸು. ಹಂಪಿಯಲ್ಲಿ ಹಂಪಯ್ಯನ ಗೆಸ್ಟ್ ಹೌಸಿನಲ್ಲಿ ಕಸ ಗುಡಿಸಿ ಚಾದರ ಒಗೆಯುವ ಕೆಲಸ. ಕಂಕುಳಲ್ಲಿ ಒಂದು ಬಿಸ್ಕೆಟ್ ಡಬ್ಬಿ. ಅದರ ತುಂಬ ಕಿರಾಣಿ ಅಂಗಡಿಯವರು ಜೀರಿಗೆ ಕಟ್ಟುವಂಥ ಪುಟ್ಟ ಪೊಟ್ಟಣಗಳು. ಒಂದನ್ನು ಬಿಚ್ಚಿದೆ. ಒಳಗೆ ಪರದೇಶದ ಸ್ಟಾಂಪುಗಳು.

ಗೆಸ್ಟ್ ಹೌಸಿಗೆ ಬರುವ ವಿದೇಶದವರು ಕಾಗದ ಇಟ್ಟುಕೊಂಡು ಕವರು ಎಸೆಯುತ್ತಾರೆ. ಈಕೆ ಒಂಬತ್ತು ವರ್ಷಗಳಿಂದ ಅವುಗಳ ಮೂಲೆ ಕತ್ತರಿಸಿ, ತಾಟಿನ ನೀರಿನಲ್ಲಿ ನೆನೆಸಿ, ಸ್ಟಾಂಪು ಬಿಡಿಸಿ, ಹಳೆಯ ಪೇಪರಿನ ಮೇಲೆ ಒಣಗಿಸಿ ಕಟ್ಟಿಟ್ಟಿದ್ದಳು.

"ಇವಕ್ಕೊಂದು ಪುಸ್ತಕ ಮಾಡ್ರಿ ಅಯ್ಯನೋರೆ. ಮೊದ್ಲು ಹಾಳಿ ತೋರಸ್ರಿ," ಅಂದಳು.

ಓದು ಬಾರದವಳು, ಏನು ಆರಿಸಿಯಾಳು ಎಂದು ನಾಲ್ಕು ಬಗೆ ಮುಂದಿಟ್ಟೆ. ಕಪ್ಪು ಹಾಳೆಯ ಮೇಲೆ ಒದ್ದೆ ಬೆರಳು ತಿಕ್ಕಿದಳು. ಬೆರಳು ಕಪ್ಪಾಯಿತು. "ಇದು ಬಣ್ಣ ಬಿಡತೈತಿ, ಬ್ಯಾಡ." ಮಿಂಚುವ ಹಾಳೆಗೆ ಬಾಯಿ ಹತ್ತಿರ ಹಿಡಿದು ಉಸಿರು ಬಿಟ್ಟು ಅಂಗೈಯಿಂದ ಒತ್ತಿದಳು. "ಅಂಟತೈತಿ. ನಮ್ಮ ಕಡೆ ಹೊಳಿ ತಂಪು, ಬಾಳಿ ತ್ವಾಟದ ತಂಪು. ಇದೂ ಬ್ಯಾಡ." ಕೊನೆಗೆ ದಪ್ಪ ಡ್ರಾಯಿಂಗ್ ಹಾಳೆಯ ಚೂರೊಂದನ್ನು ಒದ್ದೆ ಅಂಗೈ ಮೇಲೆ ಇಟ್ಟುಕೊಂಡು ಅದು ಸುರುಳಿಯಾಗುವುದನ್ನೇ ನೋಡಿದಳು. "ಸುರುಳಿ ಯಾವ ಕಡಿ ಉದ್ದ ನಿಂತೈತೋ ಪುಸ್ತಕದ ಬೆನ್ನೂ ಅದ ಕಡಿ ಬರಂಗ ಕೊಯ್ರಿ. ಇಲ್ಲಾಂದ್ರ ಹಾಳಿ ಸೆಟದ ನಿಂದರತಾವ."

ಕಾಗದದ ನಾರು ಯಾವ ದಿಕ್ಕಿಗಿದೆ ಎಂದು ನೋಡುವ ಈ ಪರೀಕ್ಷೆಯನ್ನು ನಾನು ಅಪ್ಪನ ಹತ್ತಿರ ಮೂರು ವರ್ಷ ಏಟು ತಿಂದು ಕಲಿತವನು.

"ಯಾರು ಕಲಿಸಿದ್ರವ್ವ ನಿನಗ?"

"ಯಾರಿಲ್ರಿ. ಬಾಳಿ ಎಲಿ ಬಾಡಿದ್ರ ಹಂಗ ಸುತ್ತಂಗಿಲ್ಲೇನ್ರಿ?"

ಆಮೇಲೆ ಮೂರು ಮಾತು ಹೇಳಿದಳು. ಒಂದು ಪೊಟ್ಟಣಕ್ಕೆ ಒಂದೇ ಹಾಳೆ. ಹಾಳೆ ಬೇಕಾದಾಗ ಬಿಚ್ಚಿ ತೆಗೆಯುವಂತಿರಬೇಕು. ಅಂಟು ಹಚ್ಚಬಾರದು. ಕಮಲಾಪುರದ ಪೋಸ್ಟಿನವರಿಂದ ಅವಳು ಸ್ಟಾಂಪಿನ ಹಾಳೆಗಳ ಬಿಳಿ ಅಂಚು ಕೇಳಿ ತಂದಿದ್ದಳು, ಹಿಂದೆ ಗೋಂದು ಇರುವಂಥವು. ಅವನ್ನೇ ತುಂಡು ಮಾಡಿ, ಮಡಚಿ, ಸ್ಟಾಂಪಿನ ಹಿಂದೆ ಬಾಗಿಲ ಕೀಲಿನಂತೆ ಹಚ್ಚಬೇಕು.

"ಡಿಸೆಂಬರ್ ಐದಕ್ಕ ಇಂಗಮ್ಮ ಬರತಾಳ್ರಿ," ಅಂದಳು. ಇಂಗಾ ಎನ್ನುವ ನಾರ್ವೆ ದೇಶದ ಹೆಂಗಸು, ಪ್ರತಿ ಚಳಿಗಾಲ ಬರುವವಳು. ಹುಲುಗಮ್ಮನ ಬಾಯಲ್ಲಿ ಇಂಗಮ್ಮ. "ಹೋದ ವರ್ಷ ಆಕಿ ಇಲ್ಲಿದ್ದಾಗನ ಅಲ್ಲಿ ಮಗ ತೀರಿಕೊಂಡ. ಅವನ ಕವರು ಏನಾರ ಉಳದಾವೇನು ಅಂತ ಹಂಪಯ್ಯಗ ಕಾಗದ ಬರದಾಳ. ಆಕಿ ಮಗಂದು ಅಷ್ಟೂ ನನ್ನ ಕಡೆ ಅದಾವ. ಆ ಹಾಳಿ ತಗದು ಆಕಿ ಕೈಯಾಗ ಕೊಡಬೇಕ್ರಿ."

ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಲೆಯಲ್ಲಿ ಆಗಲೇ ನನ್ನದೇ ಪುಸ್ತಕ ತಯಾರಾಗುತ್ತಿತ್ತು.

ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಪೊಟ್ಟಣಗಳನ್ನು ಬಿಚ್ಚಿದರೆ ಎಲ್ಲ ಕಲಸುಮೇಲೋಗರ. ಒಂದೇ ಪೊಟ್ಟಣದಲ್ಲಿ ಜರ್ಮನಿ, ಜಪಾನು, ಫ್ರಾನ್ಸು. ಪಾಪ, ಅಕ್ಷರ ಬಾರದವಳು, ಸಿಕ್ಕಂತೆ ತುಂಬಿದ್ದಾಳೆ ಎಂದುಕೊಂಡೆ. ಅಟ್ಲಾಸು ತಂದು, ಕನ್ನಡಕ ಏರಿಸಿ, ಮುನ್ನೂರ ಹನ್ನೆರಡು ಸ್ಟಾಂಪುಗಳನ್ನು ದೇಶವಾರು ವಿಂಗಡಿಸಿದೆ. ಅಂಚಿನ ಕೀಲು ನನ್ನ ಕಣ್ಣಿಗೆ ಜೋತು ಬಿದ್ದ ಗುಂಡಿಯಂತೆ ಕಂಡಿತು. ಹುಳ ಹಿಡಿಯಬಾರದೆಂದು ಮೈಲುತುತ್ತ ಹಾಕಿ ಮೈದಾ ಅಂಟು ಕುದಿಸಿ ಒಂದೊಂದನ್ನೂ ಭದ್ರವಾಗಿ ಕೂರಿಸಿದೆ. ಮೇಲೆ ಕೆಂಪು ರಟ್ಟು, ಎಂಟು ಹುರಿಯ ಹೊಲಿಗೆ. ಅಷ್ಟು ಚೆಂದದ ಪುಸ್ತಕ ನನ್ನ ಕೈಯಿಂದ ಅದಕ್ಕೂ ಮೊದಲು ಬಂದಿರಲಿಲ್ಲ.

ಎರ್ರಮ್ಮ ಒಂದೇ ಮಾತು ಕೇಳಿದಳು. "ಆಕಿ ಹೇಳಿದ್ದು ಹಿಂಗೇನು?"

"ಆಕಿಗೇನು ಗೊತ್ತಾಗತೈತಿ, ಸುಮ್ನಿರು," ಅಂದೆ.

ಡಿಸೆಂಬರ್ ಎರಡರ ಬೆಳಿಗ್ಗೆ ಹುಲುಗಮ್ಮ ಬಂದಳು. ಸೆರಗಿಗೆ ಕೈ ಒರೆಸಿಕೊಂಡು ಪುಸ್ತಕ ತೆರೆದಳು. ಒಂದು ಹಾಳೆ ತಿರುವಿದಳು, ಇನ್ನೊಂದು. ಹೊಗಳಿಕೆ ಬರಲಿ ಎಂದು ನಾನು ಎದೆಯುಬ್ಬಿಸಿ ನಿಂತಿದ್ದೆ. ಕೊನೆಯವರೆಗೂ ತಿರುವಿ, ಮತ್ತೆ ಮೊದಲಿನಿಂದ ನೋಡಿ, ತಲೆ ಎತ್ತಿದಳು.

"ಇದರಾಗ ಯಾರೂ ಇಲ್ಲಲ್ರಿ ಅಯ್ಯನೋರೆ."

ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಒಂದು ಪೊಟ್ಟಣವೆಂದರೆ ಒಬ್ಬ ಮನುಷ್ಯ. ಆ ಮನುಷ್ಯನಿಗೆ ಬಂದ ಕಾಗದಗಳು, ಅಷ್ಟೇ. ಗಡ್ಡದವನಿಗೆ ಅವ್ವ ಜರ್ಮನಿಯಿಂದ ಬರೆಯುತ್ತಿದ್ದಳು, ಗೆಳತಿ ಜಪಾನಿನಿಂದ. ಹೋದವರು ತಿರುಗಿ ಬಂದರೆ ಅವರ ಹಾಳೆ ತೋರಿಸುವುದು, ಕೇಳಿದರೆ ತೆಗೆದು ಕೊಡುವುದು. ಅದಕ್ಕೇ ಬಿಡಿ ಹಾಳೆ. ನಾನು ಒಂಬತ್ತು ವರ್ಷದ ಮಂದಿಯನ್ನೆಲ್ಲ ಅಂಗಡಿಯಲ್ಲಿ ಕೂತು ಚದುರಿಸಿಬಿಟ್ಟಿದ್ದೆ. ಇಂಗಮ್ಮನ ಮಗನನ್ನೂ.

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. "ನೀರು ಕೊಡ್ರಿ. ಅಗಲಂದು ಪರಾತ ಇದ್ರ ಕೊಡ್ರಿ," ಅಂದಳು.

ನನ್ನ ಹೊಲಿಗೆಯನ್ನು ನಾನೇ ಕೊಯ್ದೆ. ಹಾಳೆ ಹಾಳೆಯಾಗಿ ನೀರಿಗೆ ಬಿಟ್ಟೆವು. ಮೈದಾ ಸಡಿಲಾಗಿ ಸ್ಟಾಂಪುಗಳು ಒಂದೊಂದೇ ತೇಲಿದವು. ಎರ್ರಮ್ಮ ಮನೆಯಲ್ಲಿದ್ದ ತಟ್ಟೆ, ಬಟ್ಟಲು, ಮುಚ್ಚಳ ಎಲ್ಲ ತಂದು ಅಂಗಡಿಯ ತುಂಬ ಹರಡಿದಳು. ಹುಲುಗಮ್ಮ ಸ್ಟಾಂಪು ಎತ್ತಿ, ಬೆಳಕಿಗೆ ಹಿಡಿದು, ಒಂದೊಂದು ತಟ್ಟೆಗೆ ಇಡತೊಡಗಿದಳು. "ಇದು ಗಡ್ಡದವಂದು. ಇದು ಕುಂಟತಿದ್ದ ಹುಡುಗಿದು, ಸ್ಟಾಂಪಿನ ಮ್ಯಾಲಂಚಿನ ಹಲ್ಲು ಮುರದೈತಿ ನೋಡ್ರಿ. ಇದು ಪಿಟೀಲು ಬಾರಸ್ತಿದ್ದ ಮುದುಕಂದು, ಅವನ ಹೆಂಡ್ತಿ ಕವರಿಗೆ ಅತ್ತರು ಹಚ್ಚತಿದ್ಲು, ಅದರ ಕಲಿ ಐತಿ." ಮುದ್ರೆಯ ಒಂದು ತುಣುಕು, ಕತ್ತರಿಯ ಗುರುತು, ಬಿಸಿಲಿಗೆ ಮಾಸಿದ ಬಣ್ಣ, ಎಲ್ಲ ಅವಳಿಗೆ ಗುರುತು. ನಾನು ಐವತ್ತು ವರ್ಷ ಅಕ್ಷರದ ಜೊತೆ ಬಾಳಿದವನು, ಇಂಥ ಓದನ್ನು ಕಂಡಿರಲಿಲ್ಲ. ಕೈ ಮುಗಿಯಬೇಕೆನ್ನಿಸಿತು. ನಾಚಿಕೆ ಅಡ್ಡ ಬಂತು.

ಮರುದಿನ ಸಂಜೆಯ ಹೊತ್ತಿಗೆ ಮೂವತ್ತೊಂಬತ್ತು ಜನ ತಮ್ಮ ತಮ್ಮ ತಟ್ಟೆ ಸೇರಿದರು. ಉಳಿದದ್ದು ನಾರ್ವೆಯ ಇಪ್ಪತ್ತಾರು. ಇಪ್ಪತ್ತಾರರಲ್ಲೂ ಒಂದೇ ಚಿತ್ರ, ಹಿಂದಿನ ಕಾಲದ ಅಂಚೆಯವರು ಊದುತ್ತಿದ್ದ ಕೊಂಬು. ಬಣ್ಣ ಕೂಡ ಒಂದೇ. ನಾರ್ವೆಯಿಂದ ಕಾಗದ ಬರುತ್ತಿದ್ದವರು ಇಂಗಮ್ಮ ಅಲ್ಲದೆ ಇನ್ನೂ ಇಬ್ಬರು.

"ಎಲ್ಲಾ ಚಳಿಗಾಲ ಸೇರಿ ಇಂಗಮ್ಮಗ ಬಂದದ್ದು ಹನ್ನೊಂದು ಕಾಗದ," ಅಂದಳು ಹುಲುಗಮ್ಮ. ಮೊದಲ ಸಲ ಅವಳ ಧ್ವನಿ ಕುಗ್ಗಿತ್ತು. ಆಮೇಲೆ ಇಪ್ಪತ್ತಾರನ್ನೂ ಒಂದೇ ಸಾಲಿಗೆ ನೆಟ್ಟಗೆ ಇಟ್ಟು, ಕೊಂಬನ್ನು ಬಿಟ್ಟು ಮೇಲೆ ಬಿದ್ದಿದ್ದ ಪೋಸ್ಟಿನ ಮುದ್ರೆಯನ್ನಷ್ಟೇ ನೋಡಿದಳು.

"ಆಕಿ ಮಗ ಸ್ಟಾಂಪು ಯಾವತ್ತೂ ವಾರಿ ಹಚ್ಚತಿದ್ನ್ರಿ. ಇಂಗಮ್ಮ ಕವರು ಹಿಡದು ನಗತಿದ್ಲು."

ನನಗೆ ಆಗ ಹೊಳೆಯಿತು. ಪೋಸ್ಟಿನವರು ಕವರನ್ನು ನೋಡಿ ಮುದ್ರೆ ಒತ್ತುತ್ತಾರೆ, ಮುದ್ರೆ ಕವರಿಗೆ ನೆಟ್ಟಗಿರುತ್ತದೆ. ಸ್ಟಾಂಪು ವಾರೆ ಹಚ್ಚಿದ್ದರೆ, ಬಿಡಿಸಿ ನೆಟ್ಟಗಿಟ್ಟಾಗ ಮುದ್ರೆ ವಾರೆ ಕಾಣುತ್ತದೆ. ಅವಳ ಬೆರಳು ಸಾಲಿನ ಮೇಲೆ ಓಡಿತು. ಒಂದು, ಎರಡು, ಮೂರು. ಎಲ್ಲದರಲ್ಲೂ ಮುದ್ರೆ ಒಂದೇ ಕಡೆಗೆ ಓರೆಯಾಗಿತ್ತು. ಹತ್ತು ಸಿಕ್ಕವು. ಉಳಿದ ಹದಿನಾರೂ ನೆಟ್ಟಗಿದ್ದವು. ನನಗೆ ಕಣ್ಣು ತುಂಬಿ ಬಂತು. ಎರ್ರಮ್ಮ ನೋಡಿಯೂ ನೋಡದವಳಂತೆ ಆ ಹತ್ತಕ್ಕೊಂದು ತಟ್ಟೆ ತಂದಿಟ್ಟಳು.

ಗುರುವಾರ ಇಡೀ ದಿನ ಕೆಲಸ. ಸಂಡೂರಿನ ಗಣಿ ಆಫೀಸಿನ ಹಳೆಯ ಫೈಲೊಂದರಿಂದ ಎರಡು ಹಿತ್ತಾಳೆ ತಿರುಪು ಕಿತ್ತೆ. ಹೊಸ ಹಾಳೆಗಳನ್ನು ಅವಳು ಹೇಳಿದ ದಿಕ್ಕಿಗೇ ಕೊಯ್ದೆ. ತಿರುಪು ಬಿಚ್ಚಿದರೆ ಹಾಳೆ ಕೈಗೆ ಬರಬೇಕು, ಬಿಗಿದರೆ ಪುಸ್ತಕ ಅಲುಗಬಾರದು. ಕೀಲುಗಳನ್ನು ಅವಳೇ ಹಚ್ಚಿದಳು. ಹೊಲಿಗೆ ಇಲ್ಲದ ಪುಸ್ತಕ, ನಾನೇ ಮಾಡಿದ್ದು.

ಶುಕ್ರವಾರ ಅದನ್ನು ಹೊತ್ತುಕೊಂಡು ನಾನೂ ಹಂಪಿಗೆ ಹೋದೆ. ಇಂಗಮ್ಮ ಗೆಸ್ಟ್ ಹೌಸಿನ ಕಟ್ಟೆಯ ಮೇಲೆ ಕೂತಿದ್ದಳು. ಎತ್ತರದ ಹೆಂಗಸು, ಬಿಳಿ ಕೂದಲು. ಹುಲುಗಮ್ಮ ತಿರುಪು ಬಿಚ್ಚಿ, ಹಾಳೆ ತೆಗೆದು, ಎರಡೂ ಕೈಯಿಂದ ಕೊಟ್ಟಳು. ಓರೆ ಮುದ್ರೆ ಹೇಗಿತ್ತೆಂದು ನೋಡಿಕೊಂಡು, ಹುಡುಗ ಕವರಿನ ಮೇಲೆ ಹಚ್ಚಿದ ಹಾಗೆಯೇ ಹತ್ತನ್ನೂ ವಾರೆಯಾಗಿಯೇ ಕೂರಿಸಿದ್ದಳು. ಇಂಗಮ್ಮ ನೋಡಿದಳು. ಮೊದಲು ಗಟ್ಟಿಯಾಗಿ ನಕ್ಕಳು. ಆಮೇಲೆ ಹಾಳೆಯನ್ನು ಎದೆಗೊತ್ತಿಕೊಂಡು ಹುಲುಗಮ್ಮನ ಹೆಗಲ ಮೇಲೆ ತಲೆಯಿಟ್ಟಳು. ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ.

ಇಂಗಮ್ಮ ಕೋಣೆಗೆ ಹೋದ ಮೇಲೆ ನನ್ನ ಲೆಕ್ಕದ ಬುದ್ಧಿ ಸುಮ್ಮನಿರಲಿಲ್ಲ.

"ಹುಲುಗಮ್ಮ, ಹನ್ನೊಂದು ಕಾಗದ ಅಂದಿದ್ದಿಯಲ್ಲ. ಸಿಕ್ಕದ್ದು ಹತ್ತ. ಇನ್ನೊಂದು ನನ್ನ ಕೈಯಾಗ ಹಾಳಾತೇನವ್ವ?"

ಅವಳು ತಿರುಪು ಬಿಗಿಯುತ್ತಿದ್ದಳು.

"ಇಲ್ರಿ. ಹನ್ನೊಂದನೇದು ಅವ ಹಚ್ಚಿದ್ದಲ್ಲ. ಅವ ಸತ್ತಾನಂತ ಬ್ಯಾರೆ ಯಾರೋ ಬರದಿದ್ದು. ಸ್ಟಾಂಪು ನೆಟ್ಟಗ ಹಚ್ಚಿದ್ರು," ಅಂದಳು. "ಅದನ್ನ ಅವತ್ತ ಹೊಳಿಗೆ ಬಿಟ್ಟೀನ್ರಿ."