ಮೂರೂವರೆ ಅಂಕದ ನೋವು

ಹತ್ತಕ್ಕೆ ಮೂರು ಅಂಕವೋ, ಮೂರೂವರೆಯೋ ಎಂಬುದು ಅವಸರದಲ್ಲಿ ತೀರ್ಮಾನಿಸುವ ಸಂಗತಿಯಲ್ಲ. ಅದರಲ್ಲಿ ನ್ಯಾಯದ ಪ್ರಶ್ನೆ ಇದೆ. ಆದ್ದರಿಂದಲೇ, ಕರುಳಿನ ಒಂದು ತುಂಡು ಕತ್ತರಿಸಿ ತೆಗೆಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ನಿವೃತ್ತ ಮೇಷ್ಟ್ರು, ನರ್ಸ್ ಬಂದು "ನೋವು ಹತ್ತಕ್ಕೆ ಎಷ್ಟಿದೆ ಸರ್?" ಎಂದಾಗಲೆಲ್ಲ ಕಣ್ಣು ಮುಚ್ಚಿ, ಹಿಂದುಮುಂದು ಯೋಚಿಸಿಯೇ ಉತ್ತರಿಸುತ್ತಿದ್ದರು.

"ಮೂರೂವರೆ."

ಸೇವೆಯಲ್ಲಿದ್ದಷ್ಟು ಕಾಲ ಅವರು ಯಾವ ಪ್ರಬಂಧಕ್ಕೂ ಆರರ ಮೇಲೆ ಕೊಟ್ಟವರಲ್ಲ. ಸ್ವಂತ ಮಗಳಿಗೆ ಐದು. ಈಗ ನೋವಿನ ಸರದಿ. ಮೂರೂವರೆಗೆ ಸಿಗುವುದು ಒಂದು ಸಾಧಾರಣ ಮಾತ್ರೆ. ಅದನ್ನು ನುಂಗಿ ಅವರು ದಿಂಬು ಎತ್ತರಿಸಿದರು, ತಗ್ಗಿಸಿದರು, ಮಂಚದ ತಲೆಯ ಕಡೆ ಏರಿಸಲು ಹೇಳಿದರು, ಏರಿಸಿದ ಮೇಲೆ ಇಳಿಸಲು ಹೇಳಿದರು. ಉಸಿರನ್ನಂತೂ ಬಿಸಿ ಕಾಫಿಯ ಹಾಗೆ ಚೂರುಚೂರೇ ಹೀರುತ್ತಿದ್ದರು.

"ರೀ, ಒಂದು ಕಡೆ ಇರ್ತೀರಾ? ಮಂಚ ನರಳ್ತಿದೆ," ಎಂದರು ಹೆಂಡತಿ.

"ನಾನು ನರಳ್ತಿಲ್ವಲ್ಲ."

"ಅದಕ್ಕೇ ಪಾಪ, ಅದು ನರಳ್ತಿದೆ."

ಬೆಳಗಿನ ರೌಂಡ್ಸ್‌ಗೆ ಬಂದ ಡಾಕ್ಟರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟವರು ಬೇಗ ತೆಗೆಯಲಿಲ್ಲ.

"ಉಸಿರು ಪೂರ್ತಿ ಎಳ್ಕೊಳ್ತಿಲ್ಲ ನೀವು. ಕಫ ಕಟ್ತಿದೆ, ಜ್ವರಾನೂ ಶುರುವಾಗಿದೆ. ಕೆಮ್ಮಿ ಹೊರಗೆ ಹಾಕ್ಬೇಕು, ಎದ್ದು ಓಡಾಡ್ಬೇಕು. ನ್ಯುಮೋನಿಯಾ ಆದ್ರೆ ಈ ವಯಸ್ಸಲ್ಲಿ ಅದು ಆಪರೇಷನ್‌ಗಿಂತ ಕಷ್ಟ."

"ನಾಳೆಯಿಂದ," ಎಂದರು ಮೇಷ್ಟ್ರು.

ಹೆಂಡತಿ ಕೂತರು, ಎದ್ದರು, ಮಡಚಿದ್ದ ಟವೆಲನ್ನೇ ಮತ್ತೆ ಮಡಚಿದರು. ಕೊನೆಗೆ, ಮತ್ತೆ ಮೂರೂವರೆ ಬರೆದುಕೊಂಡು ಹೊರಟ ನರ್ಸ್ ಹಿಂದೆಯೇ ಬಾಗಿಲತನಕ ಹೋದರು.

"ಸಿಸ್ಟರ್, ಇವರ ಮೂರೂವರೆನ ನಂಬಬೇಡಿ. ಮದುವೆಯಾದಾಗಿನಿಂದ ನನ್ನ ಅಡುಗೆಗೆ ನಾಲ್ಕು ದಾಟಿಲ್ಲ. ತಟ್ಟೆ ನೋಡಿದ್ರೆ ತೊಳೆದಿಟ್ಟ ಹಾಗಿರುತ್ತೆ."

ನರ್ಸ್ ವಾಪಸ್ ಬಂದಳು. "ಸರ್, ಹತ್ತು ಯಾವಾಗ ಕೊಡ್ತೀರಿ?"

"ಕೊಡೋ ಹಾಗೇ ಇಲ್ಲಮ್ಮ. ಇವತ್ತೇ ಕೊಟ್ಟು, ನಾಳೆ ಇದಕ್ಕಿಂತ ಜೋರಾಗಿ ಬಂದ್ರೆ ಅದಕ್ಕೇನು ಕೊಡೋದು?"

"ಹಾಗಾದ್ರೆ ಅಂಕ ಬಿಡಿ, ಪ್ರಾಕ್ಟಿಕಲ್ ಮಾಡೋಣ. ಈ ದಿಂಬನ್ನ ಹೊಲಿಗೆ ಮೇಲೆ ಒತ್ತಿ ಹಿಡ್ಕೊಂಡು ಜೋರಾಗಿ ಕೆಮ್ಮಿ."

ಮೇಷ್ಟ್ರು ದಿಂಬು ಅಪ್ಪಿಕೊಂಡರು. ಹೊರಬಿದ್ದದ್ದು ಬಾಗಿಲ ಹೊರಗೆ ನಿಂತು ಒಳಗೆ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುವವರ ಕೆಮ್ಮು. ಹಣೆ ಬೆವರಿತು.

"ಇನ್ನೊಂದ್ಸಲ."

ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಕಣ್ಣಲ್ಲಿ ನೀರು ಬಂತು.

"ಫೇಲು," ಎಂದರು ಹೆಂಡತಿ. ತಮಾಷೆಗೆ ಎಂದದ್ದೇ, ಆದರೆ ಮಡಚಿದ್ದ ಟವೆಲನ್ನು ಬಿಚ್ಚಿ ಕಣ್ಣಿಗೆ ಒತ್ತಿಕೊಂಡರು. ಮೇಷ್ಟ್ರು ಹೆಂಡತಿಯ ಮುಖ ನೋಡಿ, ನರ್ಸ್ ಕಡೆ ತಿರುಗಿದರು.

"ಮರುಮೌಲ್ಯಮಾಪನ ಮಾಡಬಹುದಾ?"

"ಮಾಡಿ ಸರ್. ಎಷ್ಟು?"

"ಎಂಟು," ಎಂದರು, ಹಲ್ಲು ಕೀಳಿಸಿಕೊಳ್ಳುವವರ ಹಾಗೆ.

ನರ್ಸ್ ಡಾಕ್ಟರನ್ನು ಕೇಳಿಕೊಂಡು ಬಂದು ಇಂಜೆಕ್ಷನ್ ಕೊಟ್ಟಳು. ಔಷಧಿ ಹಿಡಿಯುತ್ತಿದ್ದಂತೆ ಮೇಷ್ಟ್ರ ಕೈ, ಅಲ್ಲಿಯತನಕ ಬಿಗಿಯಾಗಿ ಹಿಡಿದಿದ್ದ ಮಂಚದ ಕಂಬಿಯನ್ನು ಬಿಟ್ಟಿತು. ಆಮೇಲೆ ಕೆಮ್ಮಿದರು, ಪಕ್ಕದ ಹಾಸಿಗೆಯವನು ಬೆಚ್ಚಿ ಎದ್ದು ಕೂತ. ಹೆಂಡತಿಯ ಭುಜ ಹಿಡಿದು, ನೆಲ ಜಾರುತ್ತದೆ, ಚಪ್ಪಲಿ ಸರಿಯಿಲ್ಲ, ನೀನು ಓಡುತ್ತೀಯ ಎಂದು ದೂರುತ್ತ ಕಾರಿಡಾರಿನ ತುದಿಯವರೆಗೆ ನಡೆದರು. ಅಂದಿನಿಂದ ಮೊದಲು ಔಷಧಿ, ಆಮೇಲೆ ನಡಿಗೆ ಎಂದಾಯಿತು.

ನ್ಯುಮೋನಿಯಾ ಆಗಲಿಲ್ಲ. ಆದರೆ ಮೂರೂವರೆಯ ದಿನಗಳಲ್ಲಿ ಕಟ್ಟಿದ ಕಫ, ಜ್ವರ ಇಳಿಯಬೇಕಾಗಿದ್ದರಿಂದ ಮನೆಗೆ ಹೋಗುವುದು ಒಂದು ವಾರ ತಡವಾಯಿತು.