ಕೋಟೆಯೊಳಗಿನ ಕಲ್ಲುಮಂಚ

"ಹಗ್ಗ ದಾಟ್ಬೇಡಮ್ಮ, ಅದನ್ನ ಮುಟ್ಟೋ ಹಾಗಿಲ್ಲ" ಎಂದು ಮಗಳು ಹೇಳಿ ಮುಗಿಸುವಷ್ಟರಲ್ಲಿ ಅಮ್ಮ ಕಲ್ಲುಮಂಚದ ಮೇಲೆ ಕೂತೇಬಿಟ್ಟಿದ್ದಳು.

ಕೋಟೆ ಮ್ಯೂಸಿಯಂ ಆದಾಗಿನಿಂದ ಮಗಳು ಇಲ್ಲಿ ಗೈಡು. ಕಡಲಿಗೆ ಮೂಗು ತೂರಿಸಿ ನಿಂತ ಈ ಕೋಟೆಯ ಚರಿತ್ರೆ ಅವಳಿಗೆ ಬಾಯಿಪಾಠ. ಮೊದಲು ಫಿರಂಗಿಗಳಿದ್ದವು, ಅವು ತುಕ್ಕು ಹಿಡಿದ ಮೇಲೆ ಉಪ್ಪಿನ ಉಗ್ರಾಣವಾಯಿತು, ಆಮೇಲೆ ಜೈಲು. ಜೈಲಿನ ಭಾಗ ಬಂದಾಗ ಮಾತ್ರ ಅವಳ ದನಿ ಅವಸರಪಡುತ್ತಿತ್ತು. ಬಂದರಿನ ಮುಷ್ಕರದಲ್ಲಿ ಸಿಕ್ಕಿಬಿದ್ದ ಅಪ್ಪ ಇದೇ ಕೋಣೆಯಲ್ಲಿ, ಇದೇ ಕಲ್ಲುಮಂಚದ ಮೇಲೆ ಮಲಗಿ ಎದ್ದು, ತನ್ನ ಯೌವನವನ್ನೆಲ್ಲ ಕಳೆದಿದ್ದ. ಬಿಡುಗಡೆಯಾಗಿ ಬಂದವನು ಆ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಅಮ್ಮನಂತೂ ಕೋಟೆಯ ಕಡೆ ತಲೆ ಹಾಕಿಯೂ ಮಲಗಿದವಳಲ್ಲ. ಅಪ್ಪ ತೀರಿಕೊಂಡು ವರ್ಷವಾದ ಮೇಲೆ ಇವತ್ತು ತಾನಾಗಿಯೇ ಹೊರಟು ಬಂದಿದ್ದಳು.

ಅಮ್ಮ ಮೆಲ್ಲಗೆ ಒರಗಿ ಕೆನ್ನೆಯನ್ನು ಕಲ್ಲಿಗಿಟ್ಟಳು. ಕಲ್ಲಿನೊಳಗೆ ಅಲೆಗಳು ಬಂದು ಹೋಗುತ್ತಿದ್ದವು, ಯಾರೋ ಪಕ್ಕದಲ್ಲೇ ಮಲಗಿ ಉಸಿರಾಡಿದ ಹಾಗೆ.

"ಬಾ ಇಲ್ಲಿ, ಕಿವಿ ಇಟ್ಟು ಕೇಳು."

ಮಗಳು ಬಾಗಿದಳು. ಇಷ್ಟು ವರ್ಷ ಈ ಮಂಚದ ಉದ್ದಗಲ ಹೇಳಿದ್ದಳೇ ಹೊರತು ಅದಕ್ಕೆ ಕಿವಿ ಕೊಟ್ಟಿರಲಿಲ್ಲ.

"ನಿಮ್ಮಪ್ಪ ಬಿಡುಗಡೆಯಾಗಿ ಬಂದ್ರೂ ಮನೇಲಿ ಮಲಗ್ಲೇ ಇಲ್ಲ ಕಣೇ. ನಾನು ಕಣ್ಣು ಮುಚ್ಚೋದೇ ತಡ, ಚಾಪೆ ಸುತ್ಕೊಂಡು ಸಮುದ್ರದ ದಂಡೆಗೆ ಹೋಗ್ಬಿಡೋರು. ನಾನೇ ಬೇಡವಾದೆ ಅಂದ್ಕೊಂಡೆ. ಎಷ್ಟು ಶಾಪ ಹಾಕಿದೀನಿ ಗೊತ್ತಾ?"

"ಒಂದು ಮಾತು ಕೇಳ್ಬಹುದಿತ್ತಲ್ಲಮ್ಮ."

"ಕೇಳೋಕೆ ನಂಗೆ ಅಭಿಮಾನ ಅಡ್ಡ ಬಂತು. ಹೇಳೋಕೆ ಅವ್ರಿಗೆ ಏನು ಅಡ್ಡ ಬಂತೋ." ಅಮ್ಮ ನಕ್ಕಳು, ಕಣ್ಣು ಮಾತ್ರ ತುಂಬಿತ್ತು. "ಈ ಸದ್ದಿಲ್ದೆ ನಿದ್ದೆ ಬರಲ್ಲ ಅಂದಿದ್ರೆ ನಾನೂ ಒಂದು ದಿಂಬು ಹಿಡ್ಕೊಂಡು ಹಿಂದೆ ಹೋಗ್ತಿರ್ಲಿಲ್ವಾ?"

ಎತ್ತರದ ಕಿಂಡಿಯಿಂದ ಇಳಿದ ಬಿಸಿಲು ಗೋಡೆಯ ಮೇಲೆ ನೀರಿನಂತೆ ತೂಗುತ್ತಿತ್ತು. ಕೋಣೆಯೇ ನಿಧಾನವಾಗಿ ದಡ ಬಿಟ್ಟು ಹೊರಟಂತೆ ಮಗಳಿಗೆ ಅನಿಸಿತು. ಅಮ್ಮ ಗೋಡೆಯ ಕಡೆ ಸರಿದು, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು, ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಅವಳ ಉಸಿರು ಯಾವುದು, ಅಲೆ ಯಾವುದು ಎಂದು ಬೇರೆ ಮಾಡುವುದು ಕಷ್ಟವಾಯಿತು.

ಹೊರಗೆ ಮುಂದಿನ ಗುಂಪಿನ ಗದ್ದಲ ಕೇಳಿಸಿತು. ಮಗಳು ಬಾಗಿಲಿಗೆ ಅಡ್ಡ ನಿಂತು ತುಟಿಯ ಮೇಲೆ ಬೆರಳಿಟ್ಟಳು.

"ಒಳಗೇನಿದೆ, ನೋಡೋ ಹಾಗಿಲ್ವಾ?" ಎಂದು ಮುಂದಿದ್ದ ದಪ್ಪನೆಯ ಮನುಷ್ಯ ಕೇಳಿದ.

"ನಮ್ಮಮ್ಮನಿಗೆ ಈಗ ತಾನೆ ನಿದ್ದೆ ಹತ್ತಿದೆ."

ಆತ ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ಬಗ್ಗಿ, ಕಿರುಗುಟ್ಟುತ್ತಿದ್ದ ತನ್ನ ಬೂಟುಗಳನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ತುದಿಗಾಲಲ್ಲಿ ಆ ಬಾಗಿಲ ಮುಂದಿನಿಂದಲೇ ಹಾದು ಹೋದರು.